ಅರಿವಳಿಕೆಗೆ ಮುನ್ನ

ಹೊಸದುರ್ಗ ಕಡೆಯ ಪಾಲಕರೊಬ್ಬರು ಒಮ್ಮೆ ನನ್ನನ್ನು ಹುಡುಕಿಕೊಂಡು ಬಂದಿದ್ದರು. ನನ್ನ ವಿದ್ಯಾರ್ಥಿನಿಯಾಗಿದ್ದ ಮಗಳು ಏಕಾಏಕಿ ಅಸಂಬದ್ಧ ಮಾತನಾಡತೊಡಗಿದಾಗ ಗಾಳಿ ಸೋಕಿದೆಯೆಂದು ಊರೂರು ಅಲೆದು, ಕೊನೆಗೆ ಬೆಂಗಳೂರಿನ ನಿಮ್ಹಾನ್ಸಿಗೆ ಸೇರಿಸಿದ್ದರು. ದೇಹವನ್ನು ಕಾಯಬೇಕಾದ ಪ್ರತಿಕಾಯಗಳೇ ಮೆದುಳಿನ ಎನ್‌ಎಂಡಿಎ ಗ್ರಾಹಕಗಳ ಮೇಲೆ ತಿರುಗಿಬೀಳುವ ಕಾಯಿಲೆ ಅದು. ಡಾಲ್ಮೌ ಮತ್ತು ಸಂಗಡಿಗರು 2007ರಲ್ಲಿ ವಿವರಿಸಿದ್ದು. ಹುಡುಗಿ ಚೇತರಿಸಿಕೊಂಡಿದ್ದಳು. ಈಗ ಚಿತ್ರದುರ್ಗದಲ್ಲಿ ಟಾನ್ಸಿಲ್ ಆಪರೇಷನ್.

‘ತಲೆ ಕಾಯಿಲೆ ಇತ್ತೂಂತ ಅಲ್ಲಿ ಹೇಳಲೇಬೇಕಾ ಸಾರ್? ನಾಳೆ ಮದುವೆಗೆ ತೊಡಕಾಗುತ್ತೆ.’

ಹೇಳಲೇಬೇಕು ಎಂದೆ. ಅರಿವಳಿಕೆಗೆ ಬಳಸುವ ಕೆಟಮಿನ್, ನೈಟ್ರಸ್ ಆಕ್ಸೈಡ್ (ನಮ್ಮ ಪಾಠದ ನಗಿಸುವ ಅನಿಲವೇ!) ಕೆಲಸ ಮಾಡುವುದೂ ಅದೇ ಗ್ರಾಹಕಗಳನ್ನು ತಡೆದು. ಹಾಗಾಗಿ ಇಂಥ ಮಕ್ಕಳಿಗೆ ತಜ್ಞರು ಸಾಮಾನ್ಯವಾಗಿ ಬೇರೆ ಔಷಧ ಆರಿಸುತ್ತಾರೆ. ತಿಂಗಳುಗಟ್ಟಲೆ ಸ್ಟೀರಾಯ್ಡ್ ನುಂಗಿದ ದೇಹ ಶಸ್ತ್ರಕ್ರಿಯೆಯ ಹೊತ್ತಿಗೆ ಬೇಕಾದಷ್ಟು ಕಾರ್ಟಿಸೋಲ್ ಸ್ರವಿಸದೆ ರಕ್ತದೊತ್ತಡ ಕುಸಿಯಲೂಬಹುದು. ಖಾಲಿ ಹೊಟ್ಟೆಯಲ್ಲಿರಬೇಕೆಂದು ಫಿಟ್ಸ್ ಮಾತ್ರೆಯನ್ನು ತಾವಾಗಿ ನಿಲ್ಲಿಸುವವರೂ ಉಂಟು. ಅದನ್ನೂ ವೈದ್ಯರಲ್ಲೇ ಕೇಳಬೇಕು.

ಮದುವೆಯ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ನಿಮ್ಹಾನ್ಸಿನ ಡಿಸ್ಚಾರ್ಜ್ ಚೀಟಿ, ಮಾತ್ರೆಗಳ ಪಟ್ಟಿ ಎತ್ತಿಕೊಂಡು, ಹೊಳಲ್ಕೆರೆ ಮೇಲೆ ಹೋಗುವ ಬಸ್ಸಿನಲ್ಲಿ ಅವರೊಂದಿಗೆ ನಾನೂ ಹೊರಟೆ. ಅರಿವಳಿಕೆ ವೈದ್ಯೆ ಚೀಟಿಯನ್ನು ಎರಡು ಸಲ ಓದಿದರು. ಆಮೇಲೆ ತಾವು ಬರೆದುಕೊಂಡಿದ್ದ ಔಷಧಗಳಲ್ಲಿ ಒಂದನ್ನು ಹೊಡೆದುಹಾಕಿದರು.