ಲಂಡನ್ನಿನ ಬೇಸಿಗೆಗೆ ಕಟ್ಟಿದ ಗಂಟು

ನಮ್ಮ ಬೈಲಹೊಂಗಲ ಸೀಮೆಯಲ್ಲಿ ಪ್ರಯಾಣದ ಸಿದ್ಧತೆಯೆಂದರೆ ಬುತ್ತಿಯ ಸಿದ್ಧತೆ. ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಕಟ್ಟಿಕೊಂಡರೆ ಅರ್ಧ ದಾರಿ ಮುಗಿದಂತೆ. ಬಟ್ಟೆಯ ಮಾತು ಆಮೇಲಿನದು. ಕಾಲಿನ ಮಾತನ್ನಂತೂ ಯಾರೂ ಎತ್ತುವುದಿಲ್ಲ. ಮಠದಲ್ಲಿ ಓದುತ್ತಿದ್ದಾಗ ನಮಗಿದ್ದುದು ಎರಡು ಧೋತರ, ಎರಡು ಅಂಗಿ, ಒಂದು ಪಂಚೆ. ಬರಿಗಾಲಿನಲ್ಲಿಯೇ ಊರೂರು ಸುತ್ತಿದವರು ನಾವು. ಅಂಥವನು ಅರವತ್ತು ದಾಟಿದ ಮೇಲೆ, 2024ರ ಜೂನ್ ತಿಂಗಳ ಕೊನೆಯಲ್ಲಿ, ಮಗಳ ಮನೆಗೆಂದು ಸಪತ್ನೀಕನಾಗಿ ಲಂಡನ್ನಿಗೆ ಹೊರಟೆನು. ಥೇಮ್ಸ್ ನದಿಯ ದಂಡೆಯಲ್ಲಿರುವ ಬಸವಣ್ಣನವರ ಪುತ್ಥಳಿಯ ದರ್ಶನ ಮಾಡಬೇಕೆಂಬುದು ಬಹುದಿನಗಳ ಹಂಬಲವಾಗಿತ್ತು.

ಹೊರಡುವ ಒಂದು ತಿಂಗಳು ಮೊದಲೇ ಮಗಳು ಫೋನಿನಲ್ಲಿ ಎಚ್ಚರಿಸಿದ್ದಳು: “ಅಪ್ಪಾರ, ಇಲ್ಲೀ ಬ್ಯಾಸಗಿ ನಮ್ಮ ಬ್ಯಾಸಗಿಯಂಗ ಅಲ್ಲ. ಒಂದ ದಿನದಾಗ ಬಿಸಲು, ಮಳಿ, ಥಂಡಿ ಎಲ್ಲಾ ಬರ್ತಾವ. ದಿನಾ ನಾಕೈದು ಮೈಲಿ ನಡೀಬೇಕಾಗ್ತದ. ಬಟ್ಟಿ ಕಡಿಮಿ ತರ್ರಿ, ಕಾಲಿಗೆ ಛಲೋದು ತರ್ರಿ.” ಮೊದಲನೆಯ ಮಾತನ್ನು ಶಿರಸಾವಹಿಸಿ ಪಾಲಿಸಿದೆವು. ಎರಡನೆಯದನ್ನು ಕೇಳಿಸಿಕೊಂಡೆನೇ ಹೊರತು ಮನಸ್ಸಿಗೆ ತಂದುಕೊಳ್ಳಲಿಲ್ಲ.

ಬಟ್ಟೆಯ ವಿಷಯ ಹೇಳಿಬಿಡುತ್ತೇನೆ. ಜೂನ್, ಜುಲೈ ತಿಂಗಳಲ್ಲಿ ಆ ನಗರದ ಹಗಲಿನ ಉಷ್ಣಾಂಶ ಸಾಮಾನ್ಯವಾಗಿ 22ರಿಂದ 24 ಡಿಗ್ರಿ. ನಸುಕಿನಲ್ಲಿ 13, 14ಕ್ಕೆ ಇಳಿಯುತ್ತದೆ. ಹಾಗೆಂದು ಉಣ್ಣೆಯ ಕೋಟನ್ನೇ ನಂಬಿ ಹೋಗುವಂತಿಲ್ಲ. 2022ರ ಜುಲೈ 19ರಂದು ಇಂಗ್ಲಂಡಿನಲ್ಲಿ ಉಷ್ಣಾಂಶ ಮೊದಲ ಬಾರಿಗೆ 40 ಡಿಗ್ರಿ ದಾಟಿತು. ಅಲ್ಲಿಯ ಮನೆಗಳು ಕಾವನ್ನು ಹಿಡಿದಿಡಲೆಂದು ಕಟ್ಟಿದವು. ಛಾವಣಿಗೆ ಫ್ಯಾನು ಇರುವುದೇ ಅಪರೂಪ. ಆದ್ದರಿಂದ ದಪ್ಪನೆಯ ಒಂದು ಬಟ್ಟೆಗಿಂತ ತೆಳುವಾದ ಎರಡು ಮೂರು ಬಟ್ಟೆಗಳನ್ನು ಒಂದರ ಮೇಲೊಂದು ತೊಟ್ಟು, ಬಿಸಿಲೇರಿದಂತೆ ಕಳೆಯುತ್ತ ಹೋಗುವುದೇ ಸರಿಯಾದ ಕ್ರಮ. ನಾಲ್ಕು ಖಾದಿ ಅಂಗಿ, ಎರಡು ಪ್ಯಾಂಟು, ತೋಳಿಲ್ಲದ ಒಂದು ಸ್ವೆಟರು, ಮಡಚುವ ಛತ್ರಿ, ಮಳೆ ತಡೆಯುವ ಹಗುರವಾದ ಜಾಕೀಟು ನನಗೆ ಸಾಕಾದವು. ಪೂಜೆಗೆ ತೆಳ್ಳನೆಯ ಎರಡು ಧೋತರ ಒಯ್ದಿದ್ದೆ. ಅಲ್ಲಿ ಬಟ್ಟೆಯನ್ನು ಮನೆಯೊಳಗೇ ಒಣಗಿಸಬೇಕಾಗುವುದರಿಂದ ದಪ್ಪ ನೂಲಿನದು ಎರಡು ದಿನವಾದರೂ ಹಸಿಯಾಗಿಯೇ ಇರುತ್ತದೆ.

ನಮ್ಮ ಮನೆಯವರು ರಾಮದುರ್ಗದ ನೇಕಾರರೊಬ್ಬರ ಮನೆಗೇ ಹೋಗಿ ಎರಡು ನೂಲಿನ ಸೀರೆ ತಂದರು. “ಅಲ್ಲಿ ಯಾರು ನೋಡ್ತಾರ ಅಂತ ರೇಶ್ಮಿ ಒಯ್ಯೂದ್ರಿ?” ಎಂಬುದು ಅವರ ವಾದ. ಆದರೆ ಸರಿಯುವ ಮೆಟ್ಟಿಲುಗಳ ಮೇಲೆ ನೆಲಕ್ಕೆ ತಾಗುವ ಸೀರೆಯಾಗಲಿ ಧೋತರದ ಚುಂಗಾಗಲಿ ಅಪಾಯಕರ. ಮೆಟ್ಟಿಲಿನ ಅಂಚಿನಲ್ಲಿ ಸಿಕ್ಕಿಕೊಳ್ಳಬಹುದು. ಅವರು ಸೀರೆಯನ್ನು ಗಿಣ್ಣಿನ ಮೇಲಕ್ಕೆ ಉಟ್ಟು, ಸೆರಗಿಗೆ ಪಿನ್ನು ಹಾಕಿಕೊಂಡು, ಇಡೀ ತಿಂಗಳು ನಿರಾತಂಕವಾಗಿ ಓಡಾಡಿದರು. ಬೈಲಹೊಂಗಲದ ಪೇಟೆಯ ಶಿಂಪಿಗರು ನನ್ನ ಬನಿಯನ್ನಿಗೆ ಒಳಕಿಸೆ ಹೊಲಿದುಕೊಟ್ಟರು. ಪಾಸ್‌ಪೋರ್ಟಿಗೆ ಅದಕ್ಕಿಂತ ಭದ್ರವಾದ ಸ್ಥಳವನ್ನು ನಾನು ಕಾಣೆ.

ಸಂದರ್ಭ ಬಂದುದರಿಂದ ಇನ್ನೊಂದು ಮಾತು. ಇಷ್ಟಲಿಂಗವನ್ನು ಚೀಲದಲ್ಲಿಡದೆ ಎಂದಿನಂತೆ ಧರಿಸಿಕೊಂಡೇ ಹೋದೆವು. ತಪಾಸಣೆಯ ಬಾಗಿಲಲ್ಲಿ ಬೆಳ್ಳಿಯ ಕರಡಿಗೆ ಸದ್ದು ಮಾಡಿತು. ಇದು ನಮ್ಮ ಪೂಜೆಯ ವಸ್ತುವೆಂದು ವಿನಯದಿಂದ ತಿಳಿಸಿದಾಗ ಅಧಿಕಾರಿಗಳು ಕೈಯಂತ್ರವನ್ನು ಆಡಿಸಿ ನೋಡಿ ಬಿಟ್ಟುಕೊಟ್ಟರು.

ಇನ್ನು ಕಾಲಿನ ಕಥೆ. ನನಗೆ ಹನ್ನೆರಡು ವರ್ಷಗಳಿಂದ ಮಧುಮೇಹವಿದೆ. ಆ ಮೇ ತಿಂಗಳಲ್ಲಿ ಬಂಧುಗಳೊಡನೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗಿದ್ದೆ. ಮಧ್ಯಾಹ್ನದ ಬಿಸಿಲಿಗೆ ಕಾದ ಹಾಸುಗಲ್ಲಿನ ಮೇಲೆ ಎಲ್ಲರೂ ಜಿಗಿಯುತ್ತ ನೆರಳಿಗೆ ಓಡಿದರು. ನಾನು ಮಾತ್ರ ಮೆಲ್ಲಗೆ ನಡೆದು ಬಂದೆ. “ಕಾಕಾರಿಗೆ ಕಾಲು ಸುಡೂದಿಲ್ಲೇನ?” ಎಂದು ತಮ್ಮನ ಮಗ ಕೇಳಿದಾಗ, ಮಠದಲ್ಲಿ ಬೆಳೆದ ಕಾಲು ಎಂದು ಬೀಗಿದೆ. ಅದು ತಪಸ್ಸಿನ ಫಲವಾಗಿರಲಿಲ್ಲ. ಬಹುಕಾಲದ ಸಕ್ಕರೆಯಿಂದ ಪಾದದ ನರಗಳು ಸೋತು ಉರಿಯೂ ನೋವೂ ತಿಳಿಯದಂತಾಗುತ್ತವೆ. ರಕ್ತದ ಓಟ ಕುಗ್ಗಿ ಗಾಯ ಬೇಗ ಮಾಯುವುದಿಲ್ಲ. ಲಕ್ಷ್ಯವಿಲ್ಲದೆ ಬಿಟ್ಟ ಒಂದು ಗುಳ್ಳೆ ಬೆರಳನ್ನೇ ಕತ್ತರಿಸುವ ಸ್ಥಿತಿಗೆ ಒಯ್ಯಬಲ್ಲದು. ಇದೆಲ್ಲವನ್ನೂ ನಾನು ಓದಿದ್ದೆ. ನನ್ನ ಕಾಲಿಗೆ ಅದು ಅನ್ವಯಿಸುತ್ತದೆಂದು ತಿಳಿದಿರಲಿಲ್ಲ.

ನನ್ನ ನಿತ್ಯದ ಪಾದರಕ್ಷೆ ಅಥಣಿ ಕಡೆಯ ಚರ್ಮದ ಚಪ್ಪಲಿ. ಕೊಲ್ಹಾಪುರಿ ಎಂದು ಲೋಕ ಕರೆಯುವ ಈ ಚಪ್ಪಲಿಗೆ 2019ರಲ್ಲಿ ದೊರೆತ ಭೌಗೋಳಿಕ ಗುರುತಿನಲ್ಲಿ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೂ ಪಾಲಿದೆ. (2025ರಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ನಗರದ ಪ್ರದರ್ಶನದಲ್ಲಿ ಇದೇ ಬಗೆಯ ಚಪ್ಪಲಿಯನ್ನು ಮೂಲ ಹೇಳದೆ ತೋರಿಸಿ, ಟೀಕೆ ಎದ್ದ ಮೇಲೆ ಭಾರತದ ಕುಶಲಕರ್ಮಿಗಳ ಋಣವನ್ನು ಒಪ್ಪಿಕೊಂಡಿತು. ನಮ್ಮ ಹರಳಯ್ಯನ ವಂಶದವರ ಕೈಗೆ ಅಷ್ಟಾದರೂ ಮನ್ನಣೆ ದೊರೆಯಿತಲ್ಲ!) ಆದರೆ ಪರದೇಶದ ಮಳೆಗೆ ಚರ್ಮದ ಚಪ್ಪಲಿ ಒದಗದೆಂದು, ಹೊರಡುವ ಮೂರು ದಿನ ಮೊದಲು ಬೆಳಗಾವಿಗೆ ಹೋಗಿ ಹೊಳೆಯುವ ಕರಿಯ ಬೂಟು ಕೊಂಡೆ. ಮುಂಜಾನೆ ಅಂಗಡಿ ತೆರೆದ ಕೂಡಲೆ ಕೊಂಡೆ. ಅದೇ ಮೊದಲ ತಪ್ಪು. ಪಾದ ಸಂಜೆಗೆ ಉಬ್ಬುತ್ತದೆ, ವಿಮಾನದಲ್ಲಿ ಹತ್ತು ತಾಸು ಕುಳಿತರೆ ಇನ್ನೂ ಉಬ್ಬುತ್ತದೆ. ಪೆಟ್ಟಿಗೆಯ ತೂಕ ಹೆಚ್ಚುತ್ತದೆಂದು ಹಳೆಯ ಕ್ಯಾನ್‌ವಾಸ್ ಬೂಟನ್ನು ಮನೆಯಲ್ಲಿಯೇ ಬಿಟ್ಟದ್ದು ಎರಡನೆಯ ತಪ್ಪು. ಹೊರದೇಶಕ್ಕೆ 23 ಕಿಲೋ ಇದ್ದರೂ, ಪ್ರತ್ಯೇಕ ಟಿಕೆಟು ತೆಗೆದುಕೊಂಡರೆ ಬೆಳಗಾವಿ-ಬೆಂಗಳೂರು ವಿಮಾನದಲ್ಲಿ ಸಾಮಾನ್ಯವಾಗಿ ಬಿಡುವುದು 15 ಕಿಲೋ ಮಾತ್ರ. ಹಿಂಡಿಯ ಡಬ್ಬಿಗಳಿಗೆ ಜಾಗ ದೊರೆಯಿತು, ಬೂಟಿಗೆ ದೊರೆಯಲಿಲ್ಲ.

ಲಂಡನ್ನಿನ ಮೊದಲ ಎರಡು ದಿನ ಸುಖವಾಗಿಯೇ ನಡೆದೆ. ಯಾವ ನೋವೂ ಇರಲಿಲ್ಲ. ಮೂರನೆಯ ರಾತ್ರಿ ನಮ್ಮ ಮನೆಯವರು ಒಗೆಯಲು ತೆಗೆದುಕೊಂಡ ನನ್ನ ಬಿಳಿಯ ಕಾಲುಚೀಲದಲ್ಲಿ ರಕ್ತ ಕಂಡಿತು. ಎಡಗಾಲಿನ ಕಿರುಬೆರಳ ಬದಿಗೆ ಗುಳ್ಳೆಯೆದ್ದು, ಒಡೆದು, ತೊಗಲು ಸುಲಿದಿತ್ತು. “ಏನ್ರಿ, ಇಷ್ಟಾದರೂ ಗೊತ್ತಾಗಲಿಲ್ಲೇನ?” ಎಂದು ಕೇಳಿ ಅವರು ಸುಮ್ಮನೆ ಕುಳಿತುಬಿಟ್ಟರು. ಅವರ ತವರಿನಲ್ಲಿ ತಂದೆಯವರ ಕಾಲು ಇದೇ ಬಗೆಯಲ್ಲಿ ಹೋಗಿತ್ತು. ಮರುದಿನ ಚಿಕಿತ್ಸಾಲಯದ ದಾದಿ ಗಾಯ ತೊಳೆದು ಪಟ್ಟಿ ಕಟ್ಟಿ, ಆ ಬೂಟನ್ನು ಮತ್ತೆ ತೊಡಕೂಡದೆಂದರು. ಹದಿನೆಂಟು ದಿನ ಮಗಳ ಮನೆಯ ಕಿಟಕಿಯ ಬಳಿ ಕುಳಿತೆ. ರಾತ್ರಿ ಒಂಬತ್ತು ದಾಟಿದರೂ ಹೊತ್ತು ಮುಳುಗದ ಆ ಊರಿನಲ್ಲಿ ಹಗಲು ಬಹಳ ಉದ್ದ.

ಮರಳುವ ಹಿಂದಿನ ದಿನ ಅನುಮತಿ ದೊರೆಯಿತು. ಅಳಿಯಂದಿರು ಸಂಜೆಯ ಹೊತ್ತಿನಲ್ಲಿ ಅಂಗಡಿಗೆ ಕರೆದೊಯ್ದು, ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಗಲ ಜಾಗ ಉಳಿಯುವಂಥ ಮೆತ್ತನೆಯ ಬೂಟು ಕೊಡಿಸಿದ್ದರು. ಅದನ್ನು ತೊಟ್ಟು, ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿ, ನಡುನಡುವೆ ಕುಳಿತು ದಣಿವಾರಿಸಿಕೊಳ್ಳುತ್ತ, ನದಿಯ ದಂಡೆಗುಂಟ ನಡೆದು ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಉದ್ಯಾನ ತಲುಪಿದೆವು. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣ ಮಾಡಿದ ಪುತ್ಥಳಿ ಅದು. ಲ್ಯಾಂಬೆತ್‌ನ ಮಾಜಿ ಮೇಯರ್ ಡಾ. ನೀರಜ್ ಪಾಟೀಲರ ಪರಿಶ್ರಮದಿಂದ ಸ್ಥಾಪನೆಯಾದುದು.

ಅಭ್ಯಾಸಬಲದಿಂದ ಬೂಟಿನ ದಾರಕ್ಕೆ ಕೈ ಹಾಕಿದೆ. ನಮ್ಮ ಮನೆಯವರು ಕೈ ಹಿಡಿದು ತಡೆದರು. ನೆಲ ಮಳೆಗೆ ತೊಯ್ದಿತ್ತು, ಗಾಯ ಪೂರ್ತಿ ಮಾಗಿರಲಿಲ್ಲ. “ಹರಳಯ್ಯ ತೊಡೀ ತೊಗಲಿನ ಮೆಟ್ಟು ಕೊಟ್ಟಾಗ ಅಪ್ಪಗೋಳು ಮೆಟ್ಟಲಿಲ್ಲ. ನಾನು ಅವರ ಮುಂದ ಮೆಟ್ಟಿಕೊಂಡು ನಿಲ್ಲೂದ?” ಎಂದೆ. “ಅವರಿಗೆ ಸಕ್ಕರಿ ಇರಲಿಲ್ರಿ” ಎಂದರು ಅವರು. ಬೂಟು ತೊಟ್ಟುಕೊಂಡೇ ಕೈಮುಗಿದೆ.

ಆ ಕರಿಯ ಬೂಟು ಈಗ ಅಟ್ಟದ ಮೇಲಿದೆ. ಈ ಬೇಸಿಗೆಯಲ್ಲಿ ಮತ್ತೆ ಕರೆ ಬಂದಿದೆ. ಹೊಸ ಬೂಟನ್ನು ಈ ಸಲ ಎರಡು ತಿಂಗಳು ಮೊದಲೇ ಕೊಂಡು, ಕಿತ್ತೂರಿನಲ್ಲಿ ತಮ್ಮನ ಮನೆಯಲ್ಲಿದ್ದ ಹದಿನೈದು ದಿನ ಮೊದಲು ಮನೆಯೊಳಗೆ ಅರ್ಧ ತಾಸು, ಆಮೇಲೆ ಚನ್ನಮ್ಮನ ಕೋಟೆಯ ಆವರಣದಲ್ಲಿ ಒಂದು ತಾಸು ನಡೆದು ಪಳಗಿಸಿದ್ದೇನೆ. ರಾತ್ರಿ ಮಲಗುವ ಮುನ್ನ ಕನ್ನಡಿಯನ್ನು ನೆಲಕ್ಕಿಟ್ಟು ಅಂಗಾಲು ನೋಡಿಕೊಳ್ಳುತ್ತೇನೆ. ಬುತ್ತಿಯ ತೂಕ ಈ ಬಾರಿ ಮೂರು ಕಿಲೋ ಇಳಿದಿದೆ. ನಮ್ಮ ಮನೆಯವರು ಅದಕ್ಕಿನ್ನೂ ಒಪ್ಪಿಲ್ಲ.