ಫುಗ್ಗಾ, ಬಿಲ್ಲೆ ಮತ್ತು ಚಾಳೀಸು

ತೇರು ಎಳೆದು ಮುಗಿದ ಮೇಲೆಯೇ ಜಾತ್ರೆಗೆ ನಿಜವಾದ ಕಳೆ. ಬೆಂಡು-ಬತ್ತಾಸಿನ ರಾಶಿ, ಬಳೆಗಾರರ ಸಾಲು, ಮಿರ್ಚಿ ಕರಿಯುವ ಘಾಟು ಎಲ್ಲ ದಾಟಿ ಹೋದರೆ ಒಂದು ಮೂಲೆಯಲ್ಲಿ ಹಲಗೆಯೊಂದು ನಿಂತಿರುತ್ತದೆ; ಅದರ ಮೈತುಂಬ ಕೆಂಪು, ಹಳದಿ, ನೀಲಿ ಫುಗ್ಗಾ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಯಾವ ಕಡೆಯ ಜಾತ್ರೆಯಾದರೂ ಈ ಹಲಗೆಯ ಮುಂದೆ ಹುಡುಗರ ಗುಂಪು ತಪ್ಪಿದ್ದಲ್ಲ. ಆ ಗುಂಪಿನಲ್ಲಿ ಐವತ್ತು ದಾಟಿದ ಕಾಕಾ ಒಬ್ಬರು ನುಸುಳಿಕೊಳ್ಳುವುದೂ ಉಂಟು. ಪಕ್ಕದಲ್ಲಿ ಮೊಮ್ಮಗ. ಅವನೆದುರು ಒಂದು ಕೈ ತೋರಿಸಿಬಿಡುವ ಹುರುಪು.

ಏರ್‌ಗನ್ನು ಕೆನ್ನೆಗೆ ಒತ್ತಿ, ಒಂದು ಕಣ್ಣು ಮುಚ್ಚಿ, ಉಸಿರು ಬಿಗಿ ಹಿಡಿದು ಹೊಡೆಯುತ್ತಾರೆ. ಹಲಗೆಗೆ ಬಡಿದ ಸಪ್ಪಳ ಮಾತ್ರ. ಮತ್ತೊಂದು, ಮಗದೊಂದು. ಫುಗ್ಗಾಗಳು ಗಾಳಿಗೆ ತಲೆಯಾಡಿಸುತ್ತ ನಗುತ್ತವೆ.

"ಕಾಕಾರ, ಚಾಳೀಸು ತಗದು ಹೊಡೀರಿ" ಎನ್ನುತ್ತಾನೆ ಅಂಗಡಿಯ ಹುಡುಗ.

"ಚಾಳೀಸು ತಗದರ ಫುಗ್ಗಾನ ಸರಿಯಾಗಿ ಕಾಣೂದಿಲ್ಲಲೋ ತಮ್ಮಾ!"

"ಫುಗ್ಗಾ ಏನ ಓಡಿ ಹೋಗೂದಿಲ್ಲ ಬಿಡ್ರಿ."

ಚಾಳೀಸು ಅಂಗಿಯ ಕಿಸೆ ಸೇರುತ್ತದೆ. ಟಪ್! ಮೊಮ್ಮಗ ಚಪ್ಪಾಳೆ ತಟ್ಟುತ್ತಾನೆ.

ಹುಡುಗನಿಗೆ ನೇತ್ರಶಾಸ್ತ್ರ ಗೊತ್ತಿಲ್ಲ, ಆದರೆ ಹೇಳಿದ್ದು ಶಾಸ್ತ್ರವೇ. ಏರ್‌ಗನ್ನಿನಂಥ ಬಂದೂಕಿನಲ್ಲಿ ನಳಿಗೆಯ ತುದಿಯಲ್ಲಿ ಒಂದು ಸಣ್ಣ ಮೊನೆ ಇರುತ್ತದೆ. ಅದು ಕಣ್ಣಿಗೆ ನಿಚ್ಚಳವಾಗಿ ಕಾಣಬೇಕು. ಆಚೆಯ ಗುರಿ ತುಸು ಮಸುಕಾದರೂ ನಡೆಯುತ್ತದೆ. ಮೊನೆ ಇರುವುದು ಕಣ್ಣಿನಿಂದ ಮುಕ್ಕಾಲು ಮೀಟರಿನ ಆಸುಪಾಸಿನಲ್ಲಿ. ಎಳೆ ವಯಸ್ಸಿನಲ್ಲಿ ಕಣ್ಣಿನೊಳಗಿನ ಮಸೂರ ಮೆತ್ತಗಿದ್ದು, ದೂರಕ್ಕೂ ಹತ್ತಿರಕ್ಕೂ ತಾನೇ ಹೊಂದಿಕೊಳ್ಳುತ್ತದೆ. ನಲವತ್ತರ ಹೊತ್ತಿಗೆ ಅದು ಬಿರುಸಾಗತೊಡಗುತ್ತದೆ. ಅದಕ್ಕೇ ಈ ಸೀಮೆಯಲ್ಲಿ ಕನ್ನಡಕಕ್ಕೆ ಚಾಳೀಸು ಎಂಬ ಹೆಸರು. ನಲವತ್ತನೆಯ ಹುಟ್ಟುಹಬ್ಬವನ್ನೇ ಮೂಗಿನ ಮೇಲೆ ಏರಿಸಿಕೊಂಡಂತೆ. ಕಾಕಾರಿಗೆ ದೂರದ ನಂಬರು ಮೈನಸ್ ಒಂದೂವರೆ ಎನ್ನಿ. ಚಾಳೀಸು ಹಾಕಿದರೆ ಫುಗ್ಗಾ ಸ್ಪಷ್ಟ, ಮೊನೆ ಮಸುಕು. ತೆಗೆದರೆ ಸುಮಾರು 67 ಸೆಂಟಿಮೀಟರ್ ದೂರದ್ದು ಸ್ಪಷ್ಟ, ಅಂದರೆ ಹೆಚ್ಚುಕಡಿಮೆ ಮೊನೆ ಇರುವ ಜಾಗವೇ.

ಆದರೆ ಗುರಿಯೇ ಓಡಿಹೋಗುವಂಥದ್ದಾದರೆ?

ಮಣ್ಣಿನ ಬಿಲ್ಲೆಗೆ ಗುಂಡು ಹೊಡೆಯುವ ಆಟ ಹಾವೇರಿ ಜಿಲ್ಲೆಯ ಬಹಳ ಮಂದಿಗೆ ಟೀವಿಯಲ್ಲಿ ಕಂಡದ್ದು. ಹೆಸರಿಗೆ ಮಣ್ಣು, ಈಗಿನ ಬಿಲ್ಲೆ ಮಾತ್ರ ಡಾಂಬರಿನ ಜಾತಿಯ ಅಂಟು ಮತ್ತು ಸುಣ್ಣಕಲ್ಲಿನ ಪುಡಿ ಸೇರಿಸಿ ಅಚ್ಚೊತ್ತಿದ್ದು. 110 ಮಿಲಿಮೀಟರ್ ಅಗಲ, 105 ಗ್ರಾಂ ತೂಕ. ಒಲಿಂಪಿಕ್ಸ್‌ನ ಟ್ರ್ಯಾಪ್ ಸ್ಪರ್ಧೆಯಲ್ಲಿ 15 ಮೀಟರ್ ಮುಂದಿನ ಕಂದಕದಿಂದ ಇದು ಚಿಮ್ಮುತ್ತದೆ. ಎಡಕ್ಕೋ ಬಲಕ್ಕೋ ನೆಟ್ಟಗೋ, ಮೊದಲೇ ತಿಳಿಯುವುದಿಲ್ಲ. ಬೀಕಾನೇರದ ಮಹಾರಾಜ ಕರ್ಣಿ ಸಿಂಗ್ 1962ರಲ್ಲಿ ಕೈರೋದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ ಗೆದ್ದದ್ದು ಈ ಟ್ರ್ಯಾಪ್‌ನಲ್ಲಿ. 2004ರಲ್ಲಿ ಅಥೆನ್ಸ್‌ನಲ್ಲಿ ರಾಜ್ಯವರ್ಧನ್ ಸಿಂಗ್ ರಾಥೋಡ್ ಬೆಳ್ಳಿ ತಂದದ್ದು ಒಮ್ಮೆಗೇ ಎರಡು ಬಿಲ್ಲೆ ಹಾರುವ ಡಬಲ್ ಟ್ರ್ಯಾಪ್‌ನಲ್ಲಿ. ನಮ್ಮ ರಾಜ್ಯದಲ್ಲಿ ಬಂದೂಕಿನ ಆಟ ಎಂದರೆ ನೆನಪಾಗುವುದು ಕೊಡಗು. ಕೈಲ್‌ಪೊಳ್ದ್ ಹಬ್ಬದಲ್ಲಿ ಮರದ ಮೇಲಿಟ್ಟ ತೆಂಗಿನಕಾಯಿಗೆ ಅಲ್ಲಿ ಗುಂಡು ಹೊಡೆಯುತ್ತಾರೆ. ಆದರೆ ಆ ಕಾಯಿಯೂ ಫುಗ್ಗಾದ ಹಾಗೆ ಕೂತಲ್ಲೇ ಕೂತಿರುವಂಥದ್ದು.

ಬಿಲ್ಲೆ ಹೊಡೆಯುವವರು ಎರಡೂ ಕಣ್ಣು ತೆರೆದು ಬಿಲ್ಲೆಯನ್ನೇ ನೋಡುತ್ತಾರೆ. ನಳಿಗೆ ಕಣ್ಣಿನ ಅಂಚಿನಲ್ಲಿ ಮಸುಕಾಗಿ ಇದ್ದರೆ ಸಾಕು. ಇದು ಹಿರೇಕೆರೂರು ಕಡೆಯ ರೈತರಿಗೆ ಬಿಡಿಸಿ ಹೇಳಬೇಕಾದ ಮಾತಲ್ಲ. ಜೋಳ ಹಾಲುಗಾಳಾದಾಗ ಅಟ್ಟದ ಮೇಲೆ ನಿಂತು ಕವಣೆ ಬೀಸುವವರು ಹಕ್ಕಿಯ ಮೇಲೆ ಕಣ್ಣಿಡುತ್ತಾರೆಯೇ ಹೊರತು ತಮ್ಮ ಕೈಯ ಮೇಲಲ್ಲ. ಹಾಗಾಗಿ ಬಿಲ್ಲೆಯ ಆಟಕ್ಕೆ ಚಾಳೀಸು ಕಿಸೆಗೆ ಹೋಗುವಂತಿಲ್ಲ. ದೂರದ ನಂಬರು ಚೂರೂ ತಪ್ಪದೆ ಪೂರ್ತಿ ಬೇಕು.

ನಂಬರು ಸರಿಯಿದ್ದ ಮಾತ್ರಕ್ಕೆ ಮುಗಿಯಲಿಲ್ಲ, ಕುತ್ತಿಗೆಯದೊಂದು ತಕರಾರಿದೆ. ಚಷ್ಮಾ ಅಂಗಡಿಯಲ್ಲಿ ಅಳತೆ ತೆಗೆಯುವುದು ಗಿರಾಕಿ ನೆಟ್ಟಗೆ ಕೂತು ಮುಂದೆ ನೋಡುವಾಗ. ಮಸೂರದ ನಡುಬಿಂದು ಆಗಿನ ಕಣ್ಣಿನ ಪಾಪೆಯ ನೇರಕ್ಕೆ ಕೂರುತ್ತದೆ. ಬಂದೂಕು ಹಿಡಿದವರು ಹಾಗೆ ನೋಡುವುದೇ ಇಲ್ಲ. ಕೆನ್ನೆ ಮರದ ಹಿಡಿಗೆ ಒತ್ತಿ, ತಲೆ ಮುಂದಕ್ಕೂ ಪಕ್ಕಕ್ಕೂ ಬಾಗಿ, ನೋಟ ಮಸೂರದ ಮೇಲಿನ, ಮೂಗಿನ ಕಡೆಯ ಮೂಲೆಯಿಂದ ಹೊರಡುತ್ತದೆ. ನಾಲ್ಕು ನಂಬರಿನ ಮಸೂರದಲ್ಲಿ ನಡುವಿನಿಂದ ಒಂದು ಸೆಂಟಿಮೀಟರ್ ಸರಿದು ನೋಡಿದರೆ ಬೆಳಕು ಮೀಟರಿಗೆ ನಾಲ್ಕು ಸೆಂಟಿಮೀಟರ್ ಬಾಗುತ್ತದೆ. ಎರಡು ಕಣ್ಣಿನ ನಂಬರು ಬೇರೆಬೇರೆಯಾದರೆ ಎರಡು ಚಿತ್ರಗಳೂ ಬೇರೆಬೇರೆ ಅಳತೆಯಲ್ಲಿ ಜರುಗುತ್ತವೆ. ಇದರ ಮೇಲೆ ಬೆವರಿಗೆ ಚಾಳೀಸು ಮೂಗಿನಿಂದ ಜಾರಿತೆಂದರೆ, ಬಿಲ್ಲೆ ಹಾರುವ ಹೊತ್ತಿಗೆ ಕಣ್ಣೆದುರು ಬರುವುದು ಫ್ರೇಮಿನ ಕಡ್ಡಿ. ಶೂಟಿಂಗ್ ಚಷ್ಮಾಗಳ ಗಾಜು ಎತ್ತರ, ಮೂಗಿನ ಮೇಲೆ ಕೂರುವುದೂ ಮೇಲಕ್ಕೆ. ಮೇಲಿನ ಕಡ್ಡಿ ಹಲವುದರಲ್ಲಿ ಇರುವುದೇ ಇಲ್ಲ. ಅದಕ್ಕೆಲ್ಲ ಇದೇ ಕಾರಣ.

ಬೈಫೋಕಲ್ಲಿನಲ್ಲಿ ಹತ್ತಿರದ ನಂಬರು ಕೆಳಗಿರುತ್ತದೆ, ಬಂದೂಕಿಗೆ ಅದು ಅಷ್ಟಾಗಿ ಅಡ್ಡ ಬರದು. ಪ್ರೋಗ್ರೆಸಿವ್ ಮಸೂರದ ಅಂಚಿನಲ್ಲಿ ಮಾತ್ರ ನೋಟ ಸೊಟ್ಟಗಾಗುತ್ತದೆ, ಹಾರುವ ಬಿಲ್ಲೆಗೆ ಅದು ಒಗ್ಗದು. ಒಂದೇ ನಂಬರಿನದ್ದೇ ವಾಸಿ. ಇದೇ ಬೈಫೋಕಲ್ಲನ್ನು ಸವಣೂರಿನ ಎಲೆತೋಟಕ್ಕೆ ಒಯ್ಯಿರಿ, ಕತೆ ತಿರುವುಮುರುವು. ಅಲ್ಲಿ ಎಲೆ ಕೊಯ್ಯುವ ಕೈ ತಲೆಗಿಂತ ಮೇಲೆ, ಚಾಳೀಸಿನ ಹತ್ತಿರದ ನಂಬರು ಗಲ್ಲದ ಕಡೆ. ಬೆರಳಿನ ಎದುರಿನ ಎಲೆ ಸ್ಪಷ್ಟವಾಗಬೇಕೆಂದರೆ ಕುತ್ತಿಗೆಯನ್ನು ಬೆನ್ನಿಗೆ ತಾಗುವಷ್ಟು ಹಿಂದಕ್ಕೆ ಚೆಲ್ಲಬೇಕು. ತಲೆಯ ಮೇಲಿನ ವೈರು ಜೋಡಿಸುವ ಎಲೆಕ್ಟ್ರಿಷಿಯನ್ನರಿಗೂ ಇದೇ ಕಷ್ಟ. ಇಂಥವರಿಗೆಂದು ಮೇಲೂ ಕೆಳಗೂ ಹತ್ತಿರದ ನಂಬರಿಟ್ಟ ಮಸೂರಗಳಿವೆ. ಕೇಳಿ ಮಾಡಿಸಿಕೊಳ್ಳಬೇಕು ಅಷ್ಟೆ.

ಬಣ್ಣದ ವಿಚಾರಕ್ಕೆ ಬಂದರೆ, ಮಲೆನಾಡಿನ ಸೆರಗು ತಾಗಿದ ಹಾನಗಲ್ಲಿನ ಮೋಡದ ದಿನಕ್ಕೆ ಹಳದಿ ಗಾಜು ಹಿತ. ಹಸಿರು ಗೋವಿನಜೋಳದ ಹಿನ್ನೆಲೆಯಲ್ಲಿ ಕಿತ್ತಳೆ ಬಿಲ್ಲೆ ಎದ್ದು ಕಾಣಬೇಕಾದರೆ ನೇರಳೆಯ ಛಾಯೆ, ಅದು ಹಸಿರನ್ನು ತಗ್ಗಿಸುತ್ತದೆ. ಬಣ್ಣ ಯಾವುದಾದರೂ ಮಸೂರ ಪಾಲಿಕಾರ್ಬೊನೇಟಿನದಾಗಿರಲಿ. ಗಾಜಾದರೆ ಚೂರು ಕಣ್ಣಿಗೇ ಬಂತು. ಪಾಲಿಕಾರ್ಬೊನೇಟಿಗೆ ಗೀರು ಬೇಗ ಬೀಳುತ್ತದೆ, ಆದರೆ ಏಟು ತಡೆಯುತ್ತದೆ. ಫುಗ್ಗಾದ ಅಂಗಡಿಯಲ್ಲೂ ಸೀಸದ ಗುಂಡು ಮೊಳೆಗೆ ಬಡಿದು ಹಿಂದಕ್ಕೆ ಸಿಡಿಯಬಹುದು. ಆ ಲೆಕ್ಕದಲ್ಲಿ ಕಾಕಾರ ಚಾಳೀಸು ಕಿಸೆಗೆ ಹೋದದ್ದು ಅಷ್ಟೇನೂ ಒಳ್ಳೆಯದಲ್ಲ.

ಇನ್ನು ಯಾವ ಕಣ್ಣು ಯಜಮಾನ ಎಂಬುದು. ಹಾನಗಲ್ಲಿನ ತಾರಕೇಶ್ವರ ಗುಡಿಗೆ ಹೋದವರೆಲ್ಲ ಮಂಟಪದ ಚಾವಣಿಯಲ್ಲಿ ಅರಳಿದ ಕಲ್ಲಿನ ಕಮಲವನ್ನು ಕತ್ತೆತ್ತಿ ನೋಡಿಯೇ ನೋಡುತ್ತಾರೆ. ಯಜಮಾನ ಕಣ್ಣನ್ನು ಅಲ್ಲೇ ಪರೀಕ್ಷಿಸಿಕೊಳ್ಳಬಹುದು: ಎರಡೂ ಅಂಗೈ ಜೋಡಿಸಿ ನಡುವೆ ಚಿಕ್ಕ ಕಿಂಡಿ ಮಾಡಿ, ತೋಳು ಚಾಚಿ, ಎರಡೂ ಕಣ್ಣು ತೆರೆದು ಕಮಲದ ನಡುವನ್ನು ಆ ಕಿಂಡಿಯಲ್ಲಿ ಹಿಡಿದು, ಎಡಗಣ್ಣು ಮುಚ್ಚಿದರಾಯಿತು. ಕಮಲ ಅಲ್ಲೇ ಇದ್ದರೆ ಬಲಗಣ್ಣು ಯಜಮಾನ, ಮಾಯವಾದರೆ ಎಡಗಣ್ಣು. ಬಲಭುಜಕ್ಕೆ ಬಂದೂಕು, ಯಜಮಾನಿಕೆ ಎಡಗಣ್ಣಿಗೆ ಎಂದಾದರೆ ಗುರಿ ಪಕ್ಕಕ್ಕೆ ಹೋಗುತ್ತದೆ. ಅಂಥವರು ಎಡ ಮಸೂರದ ಮೇಲೆ ಮಬ್ಬು ಟೇಪಿನ ಪುಟ್ಟ ತುಣುಕು ಅಂಟಿಸಿಕೊಂಡು ಕೆಲಸ ಸಾಗಿಸುತ್ತಾರೆ.

ಚಷ್ಮಾ ಅಂಗಡಿಗೆ ಹೋಗುವಾಗ ಚೀಟಿಯ ಜೊತೆ ಕುತ್ತಿಗೆಯ ಭಂಗಿಯನ್ನೂ ಒಯ್ಯಬೇಕು. ಬಂದೂಕು ಒಯ್ದರೆ ಪೇಟೆ ಗಾಬರಿಯಾದೀತು, ಕೊಡೆ ಸಾಕು. ಫ್ರೇಮು ಮೂಗಿಗೇರಿಸಿ, ಕೊಡೆಯ ಹಿಡಿಯನ್ನು ಭುಜಕ್ಕಾನಿಸಿ, ಕೆನ್ನೆ ತಾಗಿಸಿ, ಬಾಗಿಲಾಚೆ ದೂರದ್ದೇನನ್ನಾದರೂ ನೋಡುತ್ತ ನಿಂತರೆ, ಅಂಗಡಿಯವರು ಸ್ಕೆಚ್ ಪೆನ್ನಿನಿಂದ ಪಾಪೆಯ ನೇರಕ್ಕೆ ಮಸೂರದ ಮೇಲೊಂದು ಚುಕ್ಕೆ ಇಡುತ್ತಾರೆ. "ಹಂಗ ನಿಂದರ್ರಿ, ಕುತಿಗಿ ಎತ್ತಬ್ಯಾಡ್ರಿ." ಎದುರಿನ ಚಹಾದಂಗಡಿಯಲ್ಲಿ ಕಪ್ಪು ಎತ್ತಿದ್ದವರು ಮಾತ್ರ ತಮ್ಮ ಕಡೆಗೇ ಚಾಚಿದ ಆ ಕೊಡೆಯನ್ನು ಕಂಡು, ಒಂದು ಗುಟುಕು ತಡೆದು, ಮೆಲ್ಲಗೆ ಕಂಬದ ಮರೆಗೆ ಸರಿಯುತ್ತಾರೆ.