ಮೈಯ ಅಳತೆ, ಅರಿವೆಯ ಅಳತೆ

ವಸ್ತ್ರವು ಶರೀರಕ್ಕಾಗಿಯೋ, ಶರೀರವು ವಸ್ತ್ರಕ್ಕಾಗಿಯೋ ಎಂದು ಕೇಳಿದರೆ ವಾಚಕರು ನಗಬಹುದು. ಆದರೆ ಮೈ ಬೆಳೆದವರ ಮನೆಗಳಲ್ಲಿ ಇದು ನಗೆಯ ಪ್ರಶ್ನೆಯಲ್ಲ. ಹಳೆಯ ಅಂಗಿಯ ಗುಂಡಿಗಳು ಕೂಡದಿದ್ದರೆ, ಅಂಗಿಯು ಚಿಕ್ಕದಾಯಿತೆನ್ನದೆ, ತಾವೇ ಅಪರಾಧಿಗಳೆಂಬಂತೆ ತಲೆ ತಗ್ಗಿಸುವವರು ಬಹುಜನರಿದ್ದಾರೆ.

ನಾನು ಸಾಲಹಳ್ಳಿಯವನು. ನಿವೃತ್ತಿಯ ತರುವಾಯ ನನ್ನ ಕಾಲುಗಳಿಗೆ ವಿಶ್ರಾಂತಿ ದೊರೆಯಿತು. ಹೊಟ್ಟೆಗೆ ಮಾತ್ರ ದೊರೆಯಲಿಲ್ಲ. ಆದರೂ ನಾನು ಧೋತರ ಉಡುವವನಾದ್ದರಿಂದ ನಿರಿಗೆಗಳು ಒಂದೆರಡು ಕಡಿಮೆಯಾದವೇ ಹೊರತು ಬೇರೆ ಬಾಧೆಯಾಗಲಿಲ್ಲ. ಬಾಧೆ ತಟ್ಟಿದ್ದು ನಮ್ಮ ಮನೆಯವರಿಗೆ. ಥೈರಾಯ್ಡ್ ಗ್ರಂಥಿಯ ವಿಕಾರದಿಂದ ಅವರ ಮೈ ತುಂಬಿಕೊಂಡಿತು. ಸೀರೆಗಳಿಗೆ ಅಡ್ಡಿಯಿರಲಿಲ್ಲ, ಕುಪ್ಪಸಗಳೆಲ್ಲ ಬಿಗಿಯಾದವು. “ಮೈ ಇಳಿದ ಮೇಲೆ ಹೊಸದು ಹೊಲಿಸಿದರಾಯಿತು” ಎಂದು ಎರಡು ವರುಷ ಯಾವ ಲಗ್ನಕ್ಕೂ ಹೋಗಲಿಲ್ಲ. ಸ್ವಂತ ತಂಗಿಯ ಮಗಳ ಅಕ್ಷತೆಗೆ ಸಹ ನಾನೊಬ್ಬನೇ ಹೋಗಿಬಂದೆನು. ರೋಗಕ್ಕಿಂತ ಈ ಏಕಾಂತವೇ ಅವರನ್ನು ಹೆಚ್ಚು ಕುಗ್ಗಿಸಿತು.

ನಮ್ಮ ಸೀಮೆಯ ಹಿರಿಯರ ಉಡುಪು ಇಂಥ ಸಂಕಟಕ್ಕೆ ಎಡೆಗೊಡುತ್ತಿರಲಿಲ್ಲ. ಇಳಕಲ್ಲ ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ರೇಷ್ಮೆಯ ಎಳೆಗಳನ್ನು ಕೊಂಡಿ ಹಾಕಿ ನೇಯುವರಷ್ಟೆ. ಹಾಗೆ ಒಂದಾದ ಅಖಂಡ ವಸ್ತ್ರವನ್ನು ಹದಿನೆಂಟರ ಸೊಸೆಯೂ ಉಡಬಹುದು, ಎಪ್ಪತ್ತರ ಅತ್ತೆಯೂ ಉಡಬಹುದು. ಗುಳೇದಗುಡ್ಡದ ಖಣದಿಂದ ಹೊಲಿದ ಹಳೆಯ ಮಾದರಿಯ ಕುಪ್ಪಸಕ್ಕೆ ಮುಂದೆ ಗಂಟು. ಮೈ ಹಿಗ್ಗಿದರೆ ಗಂಟು ಸಡಿಲು. ಅಂಗಡಿಯ ಸಿದ್ಧ ಉಡುಪಿಗಾದರೋ ಮೊದಲೇ ಅಂಕಿ ಹೊಲಿದಿರುತ್ತದೆ. ಆ ಅಂಕಿಯನ್ನು ಮೀರಿದವರು ತಮ್ಮನ್ನೇ ಹಳಿದುಕೊಳ್ಳುವರು.

ಸ್ಥೂಲತೆಯೇ ಅಂದಗೇಡೆಂಬುದಕ್ಕೂ ಆಧಾರವಿಲ್ಲ. ನಮ್ಮ ತಾಲೂಕಿಗೆ ಸಮೀಪದ ಬಾದಾಮಿಯಲ್ಲಿ, ಚಾಲುಕ್ಯ ಮಂಗಲೇಶನು ಕ್ರಿ. ಶ. 578ರಲ್ಲಿ ಮಾಡಿಸಿದ ಮೂರನೆಯ ಗುಹೆಯ ಬುಡದಲ್ಲಿ ಗಣಗಳ ಸಾಲನ್ನು ನೋಡಿರಿ. ಡೊಳ್ಳುಹೊಟ್ಟೆಯ ಆ ಕುಳ್ಳರು ಕುಣಿಯುವ ಠೀವಿಯಲ್ಲಿ ಸಂಕೋಚದ ಸುಳಿವೇ ಇಲ್ಲ.

ಹಾಗೆಂದು ದೇಹವನ್ನು ಅಲಕ್ಷಿಸಬೇಕೆಂದು ನನ್ನ ಅಭಿಪ್ರಾಯವಲ್ಲ. ಚರಕಾಚಾರ್ಯರು ಅತಿಸ್ಥೂಲತೆಯ ದೋಷಗಳನ್ನು ಸ್ಪಷ್ಟವಾಗಿ ಎಣಿಸಿದ್ದಾರೆ. ಭಾರತೀಯರಲ್ಲಿ ನಡುವಿನ ಸುತ್ತಳತೆಯು ಪುರುಷರಿಗೆ 90, ಸ್ತ್ರೀಯರಿಗೆ 80 ಸೆಂಟಿಮೀಟರು ಮೀರಿದರೆ ಎಚ್ಚರ ಬೇಕೆಂದು ಈಗಿನ ವೈದ್ಯರೂ ಹೇಳುತ್ತಾರೆ. ಆದರೆ ಅದೇ ಚರಕರು ನಿರ್ಮಲ ವಸ್ತ್ರಧಾರಣವು ಮನಸ್ಸಿಗೆ ಹರ್ಷವನ್ನೂ ಸಭೆಯಲ್ಲಿ ಶೋಭೆಯನ್ನೂ ಕೊಡುವದೆಂದು ದಿನಚರ್ಯೆಯಲ್ಲಿ ವಿಧಿಸಿದ್ದಾರೆ. ತೆಳ್ಳಗಿನವರಿಗೆ ಮಾತ್ರ ಈ ಮಾತು ಎಂದು ಅಲ್ಲೆಲ್ಲಿಯೂ ಇಲ್ಲ. ಔಷಧವೂ ನಡೆಯಲಿ, ನಡಿಗೆಯೂ ನಡೆಯಲಿ. ಆದರೆ ಇಂದಿನ ಮೈಗೆ ಇಂದೇ ಅರಿವೆ ಬೇಕು.

ಕಡೆಗೆ ನಮ್ಮೂರ ಸಿಂಪಿಗನೇ ಗಂಟನ್ನು ಬಿಡಿಸಿದನು. ಹಳೆಯ ಕುಪ್ಪಸವನ್ನೇ ಅಳತೆಗೆ ಕಳಿಸುವ ರೂಢಿ ನಮ್ಮ ಕಡೆಗೆ ಮನೆಮನೆಗೂ ಉಂಟು. “ಅಳತೆ ಹಳೆಯದಿದ್ದರೆ ಹೊಸದೂ ಬಿಗಿಯಾಗದೆ ಏನಾದೀತು, ಗುರುಗಳೇ?” ಎಂದು ಅವನು ನಕ್ಕನು, ತನ್ನ ಹೆಂಡತಿಯನ್ನು ಕಳಿಸಿ ಹೊಸ ಅಳತೆ ತರಿಸಿದನು. ಮೈ ಮುಚ್ಚಲೆಂದು ಜೋಲುವಂತೆ ಹೊಲಿಯಬಾರದು, ಅದು ಮೈಯನ್ನು ಇಮ್ಮಡಿಸಿ ತೋರಿಸುವದು. ಹೆಗಲಿನ ಹೊಲಿಗೆ ಹೆಗಲಿನ ತುದಿಗೆ ಸರಿಯಾಗಿ ಕೂಡಬೇಕು. ತೋಳಿಗೆ ಎರಡು ಬೆರಳು ಆಡುವಷ್ಟು ಸಡಿಲಿರಬೇಕು. ಮಗ್ಗುಲ ಹೊಲಿಗೆಯ ಒಳಗೆ ಒಂದು ಅಂಗುಲ ಬಟ್ಟೆ ಬಿಟ್ಟಿರಬೇಕು, ಬೇಕಾದಾಗ ಬಿಚ್ಚಬಹುದು. ಇವು ಅವನು ಹೇಳಿದ ಸೂತ್ರಗಳು. ನನ್ನ ಪಾಠಶಾಲೆಯ ಸೂತ್ರಗಳಿಗಿಂತ ಇವುಗಳಿಗೆ ಭಾಷ್ಯ ಕಡಿಮೆ, ಫಲ ಹೆಚ್ಚು.

ಹೊಸ ಖಣದ ಕುಪ್ಪಸ ತೊಟ್ಟು, ಕೆಂಪು ಸೆರಗಿನ ಇಳಕಲ್ಲ ಸೀರೆಯುಟ್ಟು ಅವರು ಗೊಡಚಿಯ ವೀರಭದ್ರದೇವರ ಜಾತ್ರೆಗೆ ನನ್ನೊಡನೆ ಬಂದರು. ದಾರಿಯಲ್ಲಿ ಯಾರೋ “ಬಾಯಾರು ದಪ್ಪಗಾಗ್ಯಾರ” ಎಂದರು. “ಹೌದು, ಸೀರಿ ಹೆಂಗೈತಿ ಹೇಳು” ಎಂದು ಇವರು ಕೇಳಿದರು. ತೂಕವು ಇನ್ನೂ ಇಳಿದಿಲ್ಲ, ಔಷಧ ನಡೆದಿದೆ. ಈ ವರುಷ ಮೂರು ಲಗ್ನಗಳಿಗೆ ಹೋಗಿಬಂದಿದ್ದಾರೆ. ವಾಚಕರ ಮನೆಗಳಲ್ಲಿಯೂ “ಇಳಿದ ಮೇಲೆ” ಎಂದು ಮಡಿಚಿಟ್ಟ ಅರಿವೆಗಳಿದ್ದರೆ, ಮುಂದಿನ ಸಮಾರಂಭಕ್ಕೆ ಮೊದಲೇ ಸಿಂಪಿಗನನ್ನು ಕರೆಯಿಸಬೇಕೆಂದು ವಿನಂತಿ.